ಶಿಶಿಕ್ಷುವನ್ನು ಕಾಣಲು ಹೋದದ್ದು

ಮಾರ್ಗಶಿರದ ಚಳಿಯ ಒಂದು ರಾತ್ರಿ ಸಾಗರದ ರೈಲು ನಿಲ್ದಾಣದಲ್ಲಿ ತಾಳಗುಪ್ಪದಿಂದ ಬರುವ ಗಾಡಿಯನ್ನು ಕಾಯುತ್ತ ಕುಳಿತಿದ್ದಾಗ ನನ್ನ ಕೈಚೀಲದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿದ್ದವು: ಒಂದು, ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಯ ಮೊಹರನ್ನು ಹೊತ್ತ ಪತ್ರ, ಮತ್ತೊಂದು, ಶರಾವತಿಯ ಹಿನ್ನೀರಿನಾಚೆಯ ತುಮರಿಯ ಕಡೆಯ ಒಬ್ಬ ತಾಯಿಯು ತನ್ನ ಮಗನಿಗೆಂದು ನನ್ನ ಕೈಗೆ ಒಪ್ಪಿಸಿದ್ದ, ಬಾಯಿಗೆ ಬಟ್ಟೆ ಕಟ್ಟಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಪತ್ರದಲ್ಲಿ ಬರೆದಿದ್ದುದಿಷ್ಟು: ವಿದ್ಯುತ್ ಕುಶಲಕರ್ಮಿಯ ಎರಡು ವರ್ಷದ ಪಾಠಕ್ರಮವನ್ನು ನಮ್ಮಲ್ಲಿ ಮುಗಿಸಿ, ನೆಲಮಂಗಲದ ಸಮೀಪದ ಒಂದು ವಿತರಣಾ ಉಗ್ರಾಣದಲ್ಲಿ ಯಂತ್ರಗಳ ದುರಸ್ತಿ ಮತ್ತು ಪಾಲನೆಯ ಕೆಲಸವನ್ನು ಕಲಿಯುತ್ತಿರುವ ವಿದ್ಯಾರ್ಥಿಯನ್ನು ಈ ಅಧ್ಯಾಪಕರು ಕಂಡು, ಅವನ ತರಬೇತಿಯ ವಿಚಾರವನ್ನು ತಿಳಿದುಬರತಕ್ಕದ್ದು. ಭರಣಿಯು ಹೇಳಬೇಕಾದುದನ್ನು ಆ ತಾಯಿಯ ಕಣ್ಣುಗಳೇ ಹೇಳಿದ್ದವು.

ಪತ್ರದಲ್ಲಿ ಆ ತಾಯಿಯ ಮಗನಾದ ಈ ಹುಡುಗನನ್ನು ಶಿಶಿಕ್ಷು ಎಂದು ಕರೆದಿತ್ತು. ಅಪ್ರೆಂಟಿಸ್ ಎಂಬ ಮಾತಿಗೆ ನಮ್ಮ ಸರ್ಕಾರದ ಕಾಗದಗಳಲ್ಲಿ ನೆಲೆನಿಂತಿರುವ ಈ ಶಬ್ದವನ್ನು ಹುಡುಗರು ಯಾರೂ ಬಾಯಲ್ಲಿ ಆಡುವುದಿಲ್ಲ; ನಾನೂ ಬಹುಕಾಲ ಇದನ್ನು ಅರ್ಜಿಯ ಪದವೆಂದೇ ಬಗೆದು ಸಹಿಯ ಮೇಲೆ ಕಣ್ಣಿಟ್ಟು ದಾಟಿಬಿಡುತ್ತಿದ್ದೆನು. ಆ ರಾತ್ರಿ ಗಾಡಿಯ ಮೇಲಿನ ಹಲಗೆಯಲ್ಲಿ ಮಲಗಿ ನಿದ್ರೆ ಬಾರದೆ ಹೊರಳುತ್ತಿದ್ದಾಗ, ಇದು ಮುಮುಕ್ಷು, ಜಿಜ್ಞಾಸು, ಪಿಪಾಸು ಎಂಬ ಶಬ್ದಗಳ ಕುಲದ್ದೇ ಅಲ್ಲವೆ ಎಂದು ಹೊಳೆದು ಎದ್ದು ಕುಳಿತೆನು. ಬಿಡುಗಡೆಯನ್ನು ಬಯಸುವವನು, ಅರಿವನ್ನು ಬಯಸುವವನು, ನೀರನ್ನು ಬಯಸುವವನು, ಇವರ ಸಾಲಿನಲ್ಲಿ ನಿಲ್ಲಬೇಕಾದವನು ಕಲಿಯಬೇಕೆಂದು ಬಯಸುವವನು. ಬಯಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಇಂಥ ಶಬ್ದವನ್ನು ಇಪ್ಪತ್ತೊಂಬತ್ತು ವರ್ಷ ಕಾಲ ಕೇವಲ ಕಾಗದದ ಮೇಲೆ ಓದಿದ್ದೆನಲ್ಲ ಎಂದು ವ್ಯಥೆಯಾಯಿತು.

ತುಮಕೂರಿನಲ್ಲಿ ಇಳಿದಾಗ ಇನ್ನೂ ಗಾಢವಾದ ಕತ್ತಲೆ. ಬೆಳಕು ಹರಿಯುವವರೆಗೆ ಬಸ್ ನಿಲ್ದಾಣದಲ್ಲಿ ಕಾದು, ಬೆಂಗಳೂರಿನ ಬಸ್ಸನ್ನು ಹಿಡಿದು, ದಾಬಸ್‌ಪೇಟೆಯ ಸಮೀಪಕ್ಕೆ ಬಂದಾಗ ಬಲಗಡೆಯ ಮಂಜಿನಲ್ಲಿ ಶಿವಗಂಗೆಯ ಬೆಟ್ಟವು ತಲೆಯೆತ್ತಿತು. ಪೂರ್ವದಿಂದ ನೋಡಿದವರಿಗೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುವುದೆಂದು ಈ ಸೀಮೆಯವರು ಹೇಳುತ್ತಾರೆ. ಹೆದ್ದಾರಿಯಿರುವುದು ಅದರ ಉತ್ತರಕ್ಕಾದುದರಿಂದ ನನಗೆ ದೊರೆತದ್ದು ಸರ್ಪದ ದರ್ಶನ. ಬೆಟ್ಟದ ಈಚೆಗೆ ಕೊಯ್ದ ರಾಗಿಯ ಹೊಲಗಳು, ಮೆದೆಗಳು, ಬೇಲಿಯ ಮಗ್ಗುಲಲ್ಲಿ ಮಂಜಿಗೆ ತೊಯ್ದು ನಿಂತ ಅವರೆಯ ಗಿಡಗಳು. ಯಾರೋ ಹೆಂಗಸು ಅವರೆಕಾಯಿಯ ಮೂಟೆಯನ್ನು ಬಸ್ಸಿಗೆ ಏರಿಸಿದಾಗ ಅದರ ಸೊಗಡು ಎಲ್ಲರ ಚಳಿಯನ್ನೂ ಒಂದು ಕ್ಷಣ ಮರೆಸಿತು. ಆ ಹೊಲಗಳು ಮುಗಿದಲ್ಲಿಯೇ, ಯಾವ ಮುನ್ಸೂಚನೆಯೂ ಇಲ್ಲದೆ, ಕಿಟಕಿಗಳಿಲ್ಲದ ಬೂದುಬಣ್ಣದ ಮಹಾಸೌಧಗಳು ಮೊದಲಾಗುವುವು. ಸೋಂಪುರ, ಅರಿಶಿನಕುಂಟೆ, ಅಡಕಮಾರನಹಳ್ಳಿ, ಮಾಕಳಿ ಎಂದು ನಿರ್ವಾಹಕನು ಕೂಗುವ ಹೆಸರುಗಳಲ್ಲಿ ಅರಿಶಿನವೂ ಅಡಕೆಯೂ ಇನ್ನೂ ಉಳಿದಿವೆ. ನೆಲದ ಮೇಲೆ ಕಾಣುವುದು ತಗಡಿನ ಗೋಡೆಯೂ ಲಾರಿಗಳ ಸಾಲೂ ಮಾತ್ರ.

ಇಷ್ಟೊಂದು ಗೋಡೌನುಗಳು ಇಲ್ಲಿಯೇ ಏತಕ್ಕೆ ಬಂದವೆಂದು ಪಕ್ಕದಲ್ಲಿ ಕುಳಿತಿದ್ದ ಲಾರಿಯ ಚಾಲಕನೊಬ್ಬನನ್ನು ಕೇಳಿದೆನು. ಆತನು ಕಿಟಕಿಯಾಚೆಗೆ ಬೆರಳು ತೋರಿ, "ಇಲ್ಲಿ ದಾರಿ ಸೇರ್ತವಲ್ಲ ಸ್ವಾಮಿ," ಎಂದನು. ಅವನ ಮಾತು ದಿಟ. ಮುಂಬಯಿಯ ಕಡೆಯಿಂದ ತುಮಕೂರಿನ ಮೇಲೆ ಬರುವ ಹೆದ್ದಾರಿಯೂ, ಮಂಗಳೂರಿನ ಬಂದರಿನ ಕಡೆಯಿಂದ ಹಾಸನದ ಮೇಲೆ ಬರುವ ಹೆದ್ದಾರಿಯೂ ನೆಲಮಂಗಲದಲ್ಲಿ ಕೂಡುತ್ತವೆ. ಇದರ ಮೇಲೆ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ತರುವಾಯ, ರಾಜ್ಯದ ಗಡಿಯನ್ನು ದಾಟುವ ಮಾರಾಟದ ಮೇಲಿನ ತೆರಿಗೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಪ್ರತಿಯೊಂದು ರಾಜ್ಯದಲ್ಲಿಯೂ ಒಂದೊಂದು ಸಣ್ಣ ದಾಸ್ತಾನುಮನೆಯನ್ನು ಇಟ್ಟುಕೊಳ್ಳಬೇಕಾಗಿದ್ದ ವ್ಯಾಪಾರಿಗಳಿಗೆ ಆ ಅಗತ್ಯವು ತಪ್ಪಿ, ಅನೇಕ ಚಿಕ್ಕವುಗಳ ಬದಲು ಕೆಲವು ದೊಡ್ಡವುಗಳನ್ನು ಕಟ್ಟುವುದೇ ಲಾಭಕರವೆನಿಸಿತು. ದೊಡ್ಡದಾದ ಮೇಲೆ ಹಮಾಲರ ಬೆನ್ನು ಸಾಲದು, ಯಂತ್ರಗಳು ಬೇಕಾದವು. ಯಂತ್ರಗಳು ಬಂದ ಮೇಲೆ ಅವುಗಳನ್ನು ನೋಡಿಕೊಳ್ಳುವ ಹುಡುಗರು ಬೇಕಾದರು. ಲಾಂಚಿನಲ್ಲಿ ಹಿನ್ನೀರನ್ನು ದಾಟಿ ನನ್ನ ತರಗತಿಗೆ ಬರುತ್ತಿದ್ದ ಹುಡುಗನೊಬ್ಬನು ಇಲ್ಲಿಗೆ ಬಂದು ತಲುಪಿದ ದಾರಿಯಿದು.

ಉಗ್ರಾಣವೆಂದರೆ ನಮ್ಮ ಮನಸ್ಸಿಗೆ ಬರುವುದು ಮದುವೆಯ ಮನೆಯ ಉಗ್ರಾಣ. ಬೆಲ್ಲದ ಪೆಂಟೆಗಳ ನಡುವೆ, ಕೀಲಿಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು, ಕೇಳಿದವರಿಗೆಲ್ಲ ಅಳೆದು ಕೊಡುವ ಒಬ್ಬ ಹಿರಿಯನಿರುವ ಕೋಣೆ ಅದು. ಬಯಲುಸೀಮೆಯವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಾಂತರ ಕಾಪಾಡುತ್ತಿದ್ದರು. ನಾವು ಮಲೆನಾಡಿನವರು ಅಡಕೆಯನ್ನು ಅಟ್ಟದ ಮೇಲೆ, ಭತ್ತವನ್ನು ಕಣಜದಲ್ಲಿ. ಇವೆಲ್ಲವುಗಳ ಧರ್ಮವು ಇಟ್ಟುಕೊಳ್ಳುವುದು. ನಾನು ಕಂಡ ಕಟ್ಟಡದ ಧರ್ಮವು ಅದಲ್ಲ. ಸಂಜೆ ಒಂದು ಬಾಗಿಲಿನಿಂದ ಒಳಗೆ ಬಂದ ಪೆಟ್ಟಿಗೆಯು ಬೆಳಗಾಗುವುದರೊಳಗೆ ಮತ್ತೊಂದು ಬಾಗಿಲಿನಿಂದ ಹೊರಗೆ ಹೋಗತಕ್ಕದ್ದು. ಒಳಗೆ ನಿಂತದ್ದು ನಷ್ಟವೆಂದು ಎಣಿಕೆ. ಆದಕಾರಣ ಅಲ್ಲಿ ಯಂತ್ರವು ನಿಲ್ಲುವುದೆಂದರೆ ಹೊಳೆಗೆ ಅಡ್ಡಲಾಗಿ ಮರ ಬಿದ್ದಂತೆ. ಕ್ಷಣಾರ್ಧದಲ್ಲಿ ಹಿಂದಿನದೆಲ್ಲ ಬಂದು ಒತ್ತುವುದು.

ಬಾಗಿಲಲ್ಲಿ ನನ್ನ ಪತ್ರವನ್ನು ನೋಡಿ, ದೂರವಾಣಿಯನ್ನು ಕಪಾಟಿನಲ್ಲಿ ಇರಿಸಿಕೊಂಡು, ಮುಂಗಾಲಿಗೆ ಉಕ್ಕಿನ ಕವಚವಿರುವ ಜೋಡನ್ನೂ ಹೊಳೆಯುವ ಪಟ್ಟಿಯ ಮೇಲಂಗಿಯನ್ನೂ ತೊಡಿಸಿದರು. ಒಳಗೆ ಕಾಲಿಟ್ಟೊಡನೆ ಕಿವಿಗೆ ಬಂದದ್ದು ಒಂದೇ ಸಮನಾದ ಹರಿವಿನ ಸದ್ದು. ಜೋಗದ ಮೇಲುಗಡೆ, ನೀರು ಇನ್ನೂ ಧುಮುಕುವ ಮುನ್ನ ಬಂಡೆಗಳ ನಡುವೆ ಸರಿಯುವಾಗ ಕೇಳಿಸುವಂಥದು. ಕಪ್ಪು ಪಟ್ಟಿಗಳು, ಸಾಲುಸಾಲಾದ ಉರುಳೆಗಳು, ಅವುಗಳ ಮೇಲೆ ಬಟ್ಟೆಯ, ಔಷಧದ, ಪುಸ್ತಕದ, ಪಾತ್ರೆಯ ಪೆಟ್ಟಿಗೆಗಳು ತಂತಮ್ಮ ಊರನ್ನು ತಾವೇ ಬಲ್ಲವರಂತೆ ಒಂದು ಕವಲಿನಲ್ಲಿ ಎಡಕ್ಕೂ ಮತ್ತೊಂದರಲ್ಲಿ ಬಲಕ್ಕೂ ತಿರುಗಿ ಹೋಗುತ್ತಿದ್ದವು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದುವ ಯಂತ್ರವೊಂದು, ಅದು ಓದಿದ್ದನ್ನು ಕೇಳಿ ನಿರ್ಧರಿಸುವ ಪಿ.ಎಲ್.ಸಿ. ಎಂಬ ಪೆಟ್ಟಿಗೆಯೊಂದು, ನಿರ್ಧಾರವಾದೊಡನೆ ಗಾಳಿಯ ಒತ್ತಡದಿಂದ ಚಾಚಿ ತಳ್ಳುವ ಕೈಗಳು, ಎಲ್ಲವನ್ನೂ ಎಡೆಬಿಡದೆ ನೋಡುತ್ತಿರುವ ಬೆಳಕಿನ ಕಣ್ಣುಗಳು. ಈ ಕಣ್ಣುಗಳ ವಿಚಾರವನ್ನು ಮುಂದೆ ಹೇಳಬೇಕಾಗಿದೆ.

ಹುಡುಗನು ಓಡಿಬಂದು ಕಾಲು ಮುಟ್ಟಿದನು. ತೆಳ್ಳಗಾಗಿದ್ದನು. ಶರಾಯಿಯ ಮೊಣಕಾಲಿನ ಮೇಲೆ ಸಾಸಿವೆಕಾಳಿನಷ್ಟು ಸಣ್ಣ ತೂತುಗಳು ಹತ್ತಾರು; ಕೇಳಿದಾಗ, "ಬ್ಯಾಟರಿ ಆಸಿಡ್ ಸಾರ್, ಮೊದಲ್ನೇ ವಾರದ್ದು," ಎಂದು ಕೈಯಿಂದ ಮುಚ್ಚಿಕೊಂಡನು. ಸರಕನ್ನು ಎತ್ತಿ ಹೊರುವ ಫೋರ್ಕ್‌ಲಿಫ್ಟ್ ಗಾಡಿಗಳಿಗೆ 48 ವೋಲ್ಟಿನ ಶಕ್ತಿಯನ್ನು ಕೊಡುವ 24 ಕೋಶಗಳ ಬ್ಯಾಟರಿಯನ್ನು ನೋಡಿಕೊಳ್ಳುವುದು ಹೊಸದಾಗಿ ಬಂದವರ ಪಾಲಿನ ಕೆಲಸವಂತೆ. ಶುದ್ಧೋದಕವನ್ನು ವಿದ್ಯುತ್ ತುಂಬಿದ ಮೇಲೆಯೇ ಹಾಕತಕ್ಕದ್ದು, ಮೊದಲು ಹಾಕಿದರೆ ದ್ರಾವಣವು ಉಬ್ಬಿ ಉಕ್ಕುವುದೆಂದು ನಾನೇ ಕಪ್ಪುಹಲಗೆಯ ಮೇಲೆ ಬರೆಸಿದ್ದೆನು, ಅವನೂ ಬರೆದುಕೊಂಡಿದ್ದನು, ಆದಾಗ್ಯೂ ಆ ವಾಕ್ಯವು ಅವನ ಅರಿವಿನೊಳಕ್ಕೆ ಇಳಿದದ್ದು ಶರಾಯಿಯನ್ನು ಸುಟ್ಟ ಮೇಲೆ. ಆ ಕೋಣೆಯಲ್ಲಿ ಜಲಜನಕವು ಏಳುವುದೆಂದು ಬೀಸುವ ಪಂಖವು ಸದಾ ತಿರುಗುತ್ತಿರುತ್ತದೆ, ಬೀಡಿಗೆ ಅಲ್ಲಿ ಪ್ರವೇಶವಿಲ್ಲ.

ಅವನಿಗೆ ಕೆಲಸವನ್ನು ಕಲಿಸುತ್ತಿದ್ದವರು ಯಾದಗಿರಿಯ ಕಡೆಯಿಂದ ಬಂದ, ಐವತ್ತು ದಾಟಿದ ಒಬ್ಬ ಹಿರಿಯ ಕೆಲಸಗಾರರು. ಮೊದಲು ಹಮಾಲಿಗೆಂದು ಬಂದು, ಕೆಟ್ಟ ಯಂತ್ರದ ಬಳಿಯಲ್ಲಿ ದೀಪ ಹಿಡಿದು ನಿಲ್ಲುತ್ತ ನಿಲ್ಲುತ್ತ ದುರಸ್ತಿಯನ್ನು ಕಲಿತವರು. ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ. ನನ್ನನ್ನು ಕಂಡು, "ಬರ್ರಿ ಮಾಸ್ತರ್ರ, ನಿಮ್ಮ ಹುಡುಗ ಚಲೋ ಅದಾನ್ರಿ, ಆದ್ರ ಮಾತು ಭಾಳ ಕಡಿಮಿ," ಎಂದು ನಕ್ಕರು. ಹುಡುಗನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದನು. ಅವರು ಅವನನ್ನು ತಮ್ಮಾ ಎನ್ನುತ್ತಿದ್ದರು. ನನ್ನ ಪ್ರಮಾಣಪತ್ರಗಳನ್ನೆಲ್ಲ ಮನೆಯಲ್ಲಿ ಚೌಕಟ್ಟು ಹಾಕಿಸಿ ಇಟ್ಟುಕೊಂಡಿರುವ ನಾನು ಮುಂದಿನ ನಾಲ್ಕು ದಿನಗಳಲ್ಲಿ ಅವರಿಂದ ಕಲಿತದ್ದು ಅಲ್ಪವಲ್ಲ.

ಅವರು ಹುಡುಗನಿಗೆ ಮೊಟ್ಟಮೊದಲು ಕೊಟ್ಟದ್ದು ಒಂದು ಬೀಗ. ಕೆಂಪು ಬಣ್ಣದ ಆ ಬೀಗಕ್ಕೆ ಇದ್ದದ್ದು ಒಂದೇ ಕೀಲಿಕೈ. ಹುಡುಗನ ಭಾವಚಿತ್ರವುಳ್ಳ ಚೀಟಿಯೊಂದು ಅದಕ್ಕೆ ತೂಗುತ್ತಿತ್ತು. ಯಾವ ಯಂತ್ರಕ್ಕೆ ಕೈಹಾಕುವ ಮುನ್ನವೂ ಅದರ ಸ್ವಿಚ್ಚನ್ನು ಆರಿಸಿ, ಅಲ್ಲಿ ತನ್ನ ಬೀಗವನ್ನು ಹಾಕಿ, ಕೀಲಿಕೈಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಂಡು, ಅನಂತರ ಟೆಸ್ಟರಿನಿಂದ ವಿದ್ಯುತ್ತು ಸತ್ತಿರುವುದನ್ನು ಪರೀಕ್ಷಿಸಿ, ಒಮ್ಮೆ ಒತ್ತುಗುಂಡಿಯನ್ನೂ ಒತ್ತಿ ನೋಡತಕ್ಕದ್ದು. ಮೂವರು ಸೇರಿ ಕೆಲಸ ಮಾಡಿದರೆ ಮೂರು ಬೀಗ. ಮೂವರೂ ತೆಗೆಯುವವರೆಗೆ ಯಂತ್ರಕ್ಕೆ ಜೀವವಿಲ್ಲ. "ಮ್ಯಾನೇಜರ್ ಸಾಹೇಬ್ರು ಬಂದು ಬೇಡಿದ್ರೂ ಕೀಲಿ ಕೊಡಬ್ಯಾಡ," ಎಂದು ಅವರು ಹೇಳಿದ್ದರಂತೆ. ಹತ್ತೊಂಬತ್ತು ವರ್ಷದ, ಮನೆಯಲ್ಲಿ ಎಲ್ಲರಿಗಿಂತ ಕಿರಿಯನಾದ, ಯಾರೆದುರಿಗೂ ಇಲ್ಲ ಎಂದು ಅಂದರಿಯದ ಹುಡುಗನೊಬ್ಬನ ಜೇಬಿನಲ್ಲಿ, ಯಾರು ಕೇಳಿದರೂ ಕೊಡಬಾರದ ವಸ್ತುವೊಂದು ಇರುವುದೆಂಬುದು ನನಗೆ ಬಹು ದೊಡ್ಡ ಪಾಠವಾಗಿ ಕಂಡಿತು. ನನ್ನ ಕರ್ಮಶಾಲೆಯಲ್ಲಿ ಮುಖ್ಯ ಸ್ವಿಚ್ಚು ಸದಾ ನನ್ನ ಕೈಯಲ್ಲಿರುತ್ತಿತ್ತು. ಹುಡುಗರ ಪ್ರಾಣವನ್ನು ನಾನು ಕಾಯುತ್ತಿದ್ದೆನು; ತಮ್ಮ ಪ್ರಾಣವನ್ನು ತಾವು ಕಾಯುವುದನ್ನು ಕಲಿಸಿರಲಿಲ್ಲ.

ಎರಡನೆಯ ಪಾಠವು ಕಿವಿಯದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಮೋಟಾರಿನ ಬೇರಿಂಗಿನ ಮನೆಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಲ್ಲುವುದು. ಆರು ಸಾವಿರದ ಇನ್ನೂರ ಐದು ಎಂಬ ಸಂಖ್ಯೆಯ ಬೇರಿಂಗು ಎಂದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ ಒಳವ್ಯಾಸವು 25 ಮಿಲಿಮೀಟರು ಎಂಬುದನ್ನು ನನ್ನ ಹುಡುಗರು ಮಗ್ಗಿಯಂತೆ ಹೇಳಬಲ್ಲರು. ಆದರೆ ಗ್ರೀಸು ಒಣಗಿದ ಬೇರಿಂಗು ಹೇಗೆ ಉಸಿರಾಡುವುದು, ಗುಂಡಿನ ಮೈಮೇಲೆ ಕುಳಿ ಬಿದ್ದಾಗ ಅದು ಹೇಗೆ ಕಟಕಟಿಸುವುದು ಎಂಬುದು ಮಗ್ಗಿಯಲ್ಲಿಲ್ಲ. ಹುಡುಗನು ಪ್ರತಿದಿನವೂ ಪಾಳಿಯ ಮೊದಲ ಗಳಿಗೆಯಲ್ಲಿ ನಲವತ್ತು ಮೋಟಾರುಗಳನ್ನು ಹೀಗೆ ಕೇಳಿಕೊಂಡು ಹೋಗಬೇಕು. ಮೊದಲ ತಿಂಗಳು ಎಲ್ಲವೂ ಒಂದೇ ಆಗಿ ಕೇಳಿಸುತ್ತಿದ್ದವಂತೆ. "ನಿನ್ನಿ ಸಪ್ಪಳಾ ನೆನಪಿಟ್ಟುಕೋ ತಮ್ಮಾ, ಅಷ್ಟ ಸಾಕು," ಎಂಬುದೊಂದೇ ಅಣ್ಣನ ಉಪದೇಶ. ಕೆಟ್ಟ ಸದ್ದು ಯಾವುದೆಂದು ಅವರು ಹೇಳಿಕೊಡಲಿಲ್ಲ. ನಿನ್ನೆಯ ಸದ್ದನ್ನು ಬಲ್ಲವನಿಗೆ ಇಂದಿನ ವ್ಯತ್ಯಾಸವು ತಾನಾಗಿಯೇ ತಿಳಿಯುವುದೆಂಬ ನಂಬಿಕೆ ಅವರದು. ನಾನೂ ಕಿವಿಯಿಟ್ಟೆನು. ಹುಡುಗನಿಗೆ ಕೇಳಿಸುತ್ತಿದ್ದ ಒಂದು ಸಣ್ಣ ಸೀಟಿಯಂಥ ಸ್ವರವು ನನ್ನ ವಯಸ್ಸಿನ ಕಿವಿಗೆ ನಿಲುಕಲಿಲ್ಲ. ಅವನು ನನ್ನನ್ನು ನೋಯಿಸಬಾರದೆಂದು, "ಸ್ವಲ್ಪ ಗದ್ಲ ಜಾಸ್ತಿ ಇದೆ ಸಾರ್ ಇಲ್ಲಿ," ಎಂದನು.

ಆ ಮೋಟಾರುಗಳ ಮೈಮೇಲಿನ ಹಿತ್ತಾಳೆಯ ಫಲಕವನ್ನು ಓದುತ್ತ ನಿಂತೆನು: 415 ವೋಲ್ಟು, 50 ಹರ್ಟ್ಸ್, ನಿಮಿಷಕ್ಕೆ 1440 ಸುತ್ತು. ಒಳಗಿನ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸಲ ಸುತ್ತುವುದು. ತಿರುಗುವ ಭಾಗವು ಅದನ್ನು ಹಿಂಬಾಲಿಸುತ್ತ ಸದಾ ತುಸು ಹಿಂದೆಯೇ ಉಳಿಯುವುದು. ಹಿಡಿದುಬಿಟ್ಟಿತೋ, ಎಳೆಯುವ ಬಲವೇ ಇಲ್ಲವಾಗುವುದು. ಈ ವಿದ್ಯುತ್ತಿನಲ್ಲಿ ಯಾವ ಪಾಲು ಶರಾವತಿಯದು, ಯಾವುದು ಮತ್ತೊಂದರದು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಆದರೆ ಇದೇ ಹುಡುಗನ ಅಜ್ಜನ ಗದ್ದೆಯು 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ ಎಂಬುದನ್ನು ನಾನು ಬಲ್ಲೆನು. ನದಿಯನ್ನು ನಾಡಿಗೆ ಬಿಟ್ಟುಕೊಟ್ಟ ಆ ಊರುಗಳವರು ತಾಲ್ಲೂಕಿನ ಪೇಟೆಗೆ ಬರಲು ಲಾಂಚಿನ ಹೊತ್ತನ್ನು ಕಾದುಕೊಂಡು ಅರವತ್ತು ವರ್ಷ ಬದುಕಿದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹುಡುಗನು ನಮ್ಮ ಮನೆಯ ಜಗಲಿಯಲ್ಲಿ ಮಲಗುತ್ತಿದ್ದನು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆಯು ತೆರೆದಾಗ ಅವನ ಓದು ಮುಗಿದುಹೋಗಿತ್ತು.

ರಾತ್ರಿ ಅವನ ಕೋಣೆಗೆ ಹೋದೆನು. ನಾಲ್ವರು ಹುಡುಗರಿಗೆ ಒಂದೇ ಕೋಣೆ. ಒಬ್ಬನು ಹಾವೇರಿಯವನು, ಇಬ್ಬರು ಒಡಿಶಾದ ಕಡೆಯವರು. ಪಾಳಿಗಳು ಬೇರೆಬೇರೆಯಾದುದರಿಂದ ನಾಲ್ವರಿಗೆ ಎರಡೇ ಹಾಸಿಗೆ ಸಾಲುತ್ತವೆ. ಭರಣಿಯ ಬಟ್ಟೆಯನ್ನು ಬಿಚ್ಚಿದಾಗ ಅಪ್ಪೆಮಿಡಿಯ ಕಂಪು ಹರಡಿ, ಒಡಿಶಾದ ಹುಡುಗನೊಬ್ಬನು ಅದು ಏನೆಂದು ತಿಳಿಯದೆಯೂ ತಟ್ಟೆಯನ್ನು ಮುಂದೆ ಒಡ್ಡಿದನು. ನಮ್ಮ ಹುಡುಗನು ಎಲ್ಲರಿಗೂ ಒಂದೊಂದು ಮಿಡಿಯನ್ನು ಬಡಿಸಿ, ತಾನು ಕೊನೆಗೆ ತೊಟ್ಟನ್ನು ಹಿಡಿದು ಮೆಲ್ಲಗೆ ಚೀಪುತ್ತ, ಬಹಳ ಹೊತ್ತು ಮಾತನಾಡಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆನು. 1961ರ ಶಿಶಿಕ್ಷು ಅಧಿನಿಯಮವು ಈ ಹುಡುಗರನ್ನು ತರಬೇತಿ ಪಡೆಯುವವರೆಂದೂ ಕಾರ್ಮಿಕರಲ್ಲವೆಂದೂ ಸ್ಪಷ್ಟವಾಗಿ ವಿಧಿಸಿದೆ. ಆ ಮಾತಿನ ಹಿಂದಿನ ಸದಾಶಯವು ನನಗೆ ತಿಳಿಯದುದಲ್ಲ: ಕಲಿಯುವವನಿಂದ ದುಡಿಮೆಯ ಲೆಕ್ಕವನ್ನು ಕೇಳಬಾರದು. ಆದರೆ ಕಾರ್ಮಿಕನಲ್ಲವೆಂಬ ಕಾರಣಕ್ಕೆ ಕಾರ್ಮಿಕನ ರಕ್ಷಣೆಯಿಲ್ಲ, ಕೆಲಸವನ್ನು ಮಾತ್ರ ಕಾರ್ಮಿಕನಷ್ಟೇ ಮಾಡಬೇಕು ಎಂಬ ಸ್ಥಿತಿಗೆ ನನ್ನ ಎಷ್ಟೋ ವಿದ್ಯಾರ್ಥಿಗಳು ಬೀಳುವುದನ್ನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಕಾರ್ಖಾನೆಗೆ ಹೋದ ನನ್ನ ಮೂವರು ಹುಡುಗರು ವರ್ಷವಿಡೀ ಪೆಟ್ಟಿಗೆ ಹೊತ್ತು, ಒಂದೇ ಒಂದು ಮೋಟಾರನ್ನೂ ಬಿಚ್ಚದೆ, ಪ್ರಮಾಣಪತ್ರವನ್ನು ಹಿಡಿದು ಮರಳಿದರು. ಅವರಲ್ಲಿ ಒಬ್ಬನು ನನ್ನೆದುರಿಗೆ ತನ್ನ ಅಂಗೈಯನ್ನು ಬಿಡಿಸಿ ತೋರಿಸಿದ್ದನ್ನು ನಾನು ಮರೆತಿಲ್ಲ. ಕಲಿಯುವ ಬಯಕೆಯೊಂದಿಗೆ ಹೋದವನಿಗೆ ಕಲಿಸದಿರುವುದು ಕಳವು. ಅದನ್ನು ಇದಕ್ಕಿಂತ ಮೃದುವಾದ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ. ಈ ಹುಡುಗನಿಗೆ ಅಂಥ ಗತಿ ಬಂದಿರಲಿಲ್ಲ. ಅದಕ್ಕೆ ಕಾರಣವು ಅಧಿನಿಯಮವಲ್ಲ, ಅಣ್ಣನು.

ಇನ್ನು ಆ ಕಣ್ಣಿನ ಸಂಗತಿ. ಅದಕ್ಕೂ ಮುನ್ನ ನನ್ನ ಹಲಗೆಯ ವಿಚಾರವನ್ನು ಹೇಳಬೇಕು. ನಮ್ಮ ಕರ್ಮಶಾಲೆಯಲ್ಲಿ ದೋಷವನ್ನು ಕಂಡುಹಿಡಿಯುವ ಅಭ್ಯಾಸಕ್ಕೆಂದು ಒಂದು ದೊಡ್ಡ ಮರದ ಹಲಗೆಯಿದೆ. ಅದರ ಮೇಲೆ ಮೋಟಾರು, ಕಾಂಟಾಕ್ಟರು, ರಿಲೇ, ಫ್ಯೂಸುಗಳೆಲ್ಲ ಜೋಡಣೆಯಾಗಿವೆ. ಹುಡುಗರು ಊಟಕ್ಕೆ ಹೋದಾಗ ನಾನು ಎಲ್ಲಿಯೋ ಒಂದು ತಂತಿಯನ್ನು ಸಡಿಲಿಸುವೆನು, ಒಂದು ಫ್ಯೂಸನ್ನು ತೆಗೆದು ಸತ್ತದ್ದನ್ನು ಹಾಕುವೆನು. ಬಂದವರು ಹುಡುಕುವರು. ಬಹು ಬೇಗನೆ ಹುಡುಕುವರು. ಅದು ನನ್ನ ಬೋಧನೆಯ ಫಲವೆಂದು ನಾನು ವರ್ಷಾನುವರ್ಷ ಸಂತೋಷಪಟ್ಟಿದ್ದೆನು.

ನಾನು ಹೋದ ಎರಡನೆಯ ದಿನದ ಸಂಜೆ ಐದು ಗಂಟೆ ಸಮೀಪಿಸಿದಾಗ ಒಂದು ಸಾಲು ಇದ್ದಕ್ಕಿದ್ದಂತೆ ನಿಂತಿತು. ಹಳದಿಯ ದೀಪವು ತಿರುಗಿತು. ಪರದೆಯ ಮೇಲೆ, ಆ ಜಾಗದಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿದೆ ಎಂದು ಬಂದಿತು. ಹೋಗಿ ನೋಡಿದರೆ ಪೆಟ್ಟಿಗೆಯೇ ಇಲ್ಲ, ಬರಿಯ ಪಟ್ಟಿ. ಕಾಲು ಗಂಟೆಯ ಬಳಿಕ ತಾನಾಗಿಯೇ ಸರಿಹೋಯಿತು. ಎರಡು ವಾರಗಳಿಂದ ಹೀಗೆಯೇ, ಕೆಲವು ದಿನ ಆಗುವುದು, ಕೆಲವು ದಿನ ಆಗದು. ಬೆಳಕಿನ ಕಣ್ಣನ್ನು ಬದಲಿಸಿದ್ದರು, ತಂತಿಯನ್ನು ಬದಲಿಸಿದ್ದರು, ಎದುರಿನ ಪ್ರತಿಫಲಕವನ್ನು ಒರೆಸಿ ಒರೆಸಿ ಕನ್ನಡಿಯಂತೆ ಮಾಡಿದ್ದರು. ಆ ಕಣ್ಣಿನ ಕೆಲಸವು ಸರಳವಾದದ್ದು: ಅದು ಬೆಳಕಿನ ಒಂದು ಎಳೆಯನ್ನು ಪಟ್ಟಿಗೆ ಅಡ್ಡಲಾಗಿ ಕಳುಹಿಸುವುದು, ಎದುರಿನ ಪ್ರತಿಫಲಕವು ಅದನ್ನು ಹಿಂದಿರುಗಿಸುವುದು, ಎಳೆಯು ಮರಳಿ ಬಾರದಿದ್ದರೆ ನಡುವೆ ಪೆಟ್ಟಿಗೆಯಿದೆ ಎಂದು ತಿಳಿಯುವುದು, ಬಹಳ ಹೊತ್ತು ಬಾರದಿದ್ದರೆ ಪೆಟ್ಟಿಗೆ ಸಿಕ್ಕಿಕೊಂಡಿದೆ ಎಂದು ಸಾಲನ್ನು ನಿಲ್ಲಿಸುವುದು.

ಅಣ್ಣನು ನನ್ನ ಕಡೆಗೆ ತಿರುಗಿ, "ಮಾಸ್ತರ್ರ, ನೀವು ಏನಂತೀರಿ?" ಎಂದರು. ಒಮ್ಮೆ ಆಗಿ ಒಮ್ಮೆ ಆಗದ ದೋಷವೆಂದರೆ ಸಡಿಲವಾದ ತಂತಿಯೇ ಸರಿ ಎಂದು ನನ್ನ ಹಲಗೆಯ ಅನುಭವದಿಂದ ಹೇಳಿದೆನು. ಮರುದಿನ ಮಧ್ಯಾಹ್ನ ಬೀಗಗಳನ್ನು ಹಾಕಿ, ಇದ್ದಬದ್ದ ತಿರುಪುಗಳನ್ನೆಲ್ಲ ಬಿಗಿಗೊಳಿಸಿದೆವು. ಸಂಜೆ ಐದಕ್ಕೆ ಸಾಲು ಮತ್ತೆ ನಿಂತಿತು.

ಆ ಗಳಿಗೆಯಲ್ಲಿ ಹುಡುಗನು ನನ್ನ ಮುಖವನ್ನು ನೋಡಿದನು. ಆ ನೋಟವನ್ನು ನಾನು ಬಲ್ಲೆನು. ಎರಡು ವರ್ಷ ಅದೇ ನೋಟವನ್ನು ಕಂಡಿದ್ದೆನು. ಹಲಗೆಯ ಮುಂದೆ ನಿಂತ ಹುಡುಗರು ಒಂದೊಂದು ತಂತಿಯನ್ನು ಮುಟ್ಟಿದಾಗಲೂ ನನ್ನತ್ತ ಕಣ್ಣು ಹಾಯಿಸುತ್ತಿದ್ದರು. ಅವರ ಕೈಯು ದೋಷದ ಸಮೀಪಕ್ಕೆ ಬಂದಾಗ ನನ್ನ ಹುಬ್ಬು ಏರುತ್ತಿತ್ತೋ, ತುಟಿ ಬಿಗಿಯುತ್ತಿತ್ತೋ, ನನಗರಿಯದಂತೆ ನನ್ನ ಮುಖವೇ ಅವರಿಗೆ ಉತ್ತರವನ್ನು ಹೇಳಿಬಿಡುತ್ತಿತ್ತು. ಇಷ್ಟು ವರ್ಷವೂ ಅವರು ಓದಿದ್ದು ಯಂತ್ರವನ್ನಲ್ಲ, ನನ್ನನ್ನು. ದೋಷವನ್ನು ಇಟ್ಟವನೇ ಎದುರಿಗೆ ನಿಂತಿರುವಾಗ ಬೇರೆಲ್ಲಿ ನೋಡಿಯಾರು? ಈಗ ಅವನು ನೋಡಿದ ಮುಖದಲ್ಲಿ ಏನೂ ಇರಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ. ಅವನು ಅಣ್ಣನ ಮುಖವನ್ನು ನೋಡಿದನು, ಅಲ್ಲಿಯೂ ಇರಲಿಲ್ಲ. ಒಂದು ಕ್ಷಣ ಅವನು ದಿಕ್ಕು ತಪ್ಪಿದವನಂತೆ ನಿಂತನು. ಅನಂತರ ಅವನ ಕಣ್ಣುಗಳು ನಿಧಾನವಾಗಿ ನಮ್ಮಿಬ್ಬರನ್ನೂ ಬಿಟ್ಟು ಪಟ್ಟಿಯ ಕಡೆಗೆ ತಿರುಗಿದವು.

"ಅಣ್ಣ, ನಾಳೆ ನಾಲ್ಕು ಗಂಟೆಯಿಂದ ಇಲ್ಲೇ ಕೂತ್ಕೊಂಡು ನೋಡ್ಲಾ?" ಎಂದನು. "ಕುಂದ್ರು," ಎಂದರು ಅಣ್ಣ, ಮತ್ತೇನನ್ನೂ ಕೇಳಲಿಲ್ಲ.

ಮರುದಿನ ಅವನು ಒಂದು ಮಗುಚಿದ ಡಬ್ಬಿಯ ಮೇಲೆ ಕುಳಿತನು. ನಾನು ತುಸು ದೂರದಲ್ಲಿ, ಅವನಿಗೆ ನನ್ನ ಮುಖವು ಕಾಣದಂತೆ ನಿಂತೆನು. ನಾಲ್ಕೂವರೆಯಾಯಿತು. ಸರಕು ತುಂಬಿದ ಲಾರಿಯೊಂದು ನೈಋತ್ಯಕ್ಕೆ ತೆರೆದುಕೊಳ್ಳುವ ಬಾಗಿಲಿನಿಂದ ಹೊರಟುಹೋಯಿತು. ಮತ್ತೊಂದು ಇನ್ನೂ ಬಂದು ನಿಂತಿರಲಿಲ್ಲ. ಬಾಗಿಲು ತೆರೆದೇ ಇತ್ತು. ಹೊರಗಿನ ಬಿಸಿಲು ಕೋಲಾಗಿ ಒಳನುಗ್ಗಿ, ನೆಲದ ಮೇಲೆ ಉದ್ದಕ್ಕೆ ಚಾಚಿ, ಕಂಬವೊಂದನ್ನು ಹತ್ತತೊಡಗಿತು. ಹುಡುಗನು ಅದನ್ನೇ ನೋಡುತ್ತಿದ್ದನು. ಬಿಸಿಲು ಮೇಲೇರಿ ಆ ಪುಟ್ಟ ಕಣ್ಣಿನ ಗಾಜಿನ ಮೇಲೆ ಬಿದ್ದೊಡನೆ ಸಾಲು ನಿಂತಿತು. ಅವನು ಎದ್ದು, ತನ್ನ ಟೋಪಿಯನ್ನು ತೆಗೆದು, ಕಣ್ಣಿಗೆ ಮರೆಯಾಗಿ ಹಿಡಿದನು. ಹಳದಿಯ ದೀಪವು ಆರಿತು. ಟೋಪಿಯನ್ನು ಸರಿಸಿದನು, ಮತ್ತೆ ಹತ್ತಿತು. ಮೂರು ಸಲ ಹೀಗೆ ಮಾಡಿದನು. ಆ ಕಣ್ಣು ಕೆಟ್ಟಿರಲಿಲ್ಲ; ಎದುರಿನಿಂದ ಬಿದ್ದ ಮಹಾಪ್ರಕಾಶದಲ್ಲಿ ತಾನೇ ಕಳುಹಿಸಿದ ಸಣ್ಣ ಎಳೆಯನ್ನು ಗುರುತಿಸಲಾರದೆ ಕುರುಡಾಗುತ್ತಿತ್ತು. ಮೋಡವಿದ್ದ ದಿನ, ಬಾಗಿಲಲ್ಲಿ ಲಾರಿ ನಿಂತ ದಿನ, ದೋಷವಿಲ್ಲ. ಆ ಸಾಲನ್ನು ಜೋಡಿಸಿದ್ದು ಹಿಂದಿನ ಬೇಸಿಗೆಯಲ್ಲಿ. ದಕ್ಷಿಣಾಯನದ ಕೊನೆಯ ಸೂರ್ಯನು ಅದನ್ನು ಕಂಡದ್ದು ಇದೇ ಮೊದಲು.

ನಿನಗೆ ಹೇಗೆ ಹೊಳೆಯಿತೆಂದು ಕೇಳಿದೆನು. ಅವನು ನಾಚಿಕೊಂಡು, "ಕಾರ್ತಿಕ ಕಳೆದ್ಮೇಲೆ ಅಂಗಳದಾಗೆ ಮನೆ ನೆರಳು ಜಾಸ್ತಿ ಬರ್ತದಲ್ಲ ಸಾರ್, ಅಡಕೆ ತಟ್ಟಿ ಆಚೆ ಸರಿಸ್ತೀವಿ. ಅಮ್ಮ ದಿನಾ ಬೈತಿದ್ರು, ನೆರಳು ಬಂತು ತಟ್ಟಿ ಎಳಿಯೋ ಅಂತ," ಎಂದನು. ನನ್ನ ಹಲಗೆಯಲ್ಲಿ ಸೂರ್ಯನಿರಲಿಲ್ಲ.

ಅಣ್ಣನು ಪರಿಹಾರವನ್ನು ತಾವು ಹೇಳಲಿಲ್ಲ, ಹುಡುಗನನ್ನೇ ಕೇಳಿದರು. ಕಣ್ಣಿಗೆ ತಗಡಿನ ಮರೆ ಮಾಡಬಹುದು ಎಂದನು. ಸ್ವಲ್ಪ ಯೋಚಿಸಿ, ಅದಕ್ಕಿಂತ ಕಣ್ಣನ್ನು ಬಾಗಿಲಿನ ಕಡೆಗೂ ಪ್ರತಿಫಲಕವನ್ನು ಈಚೆಗೂ ಅದಲುಬದಲು ಮಾಡಿದರೆ ಕಣ್ಣಿನ ಬೆನ್ನಿಗೆ ಬಿಸಿಲು ಬೀಳುವುದು, ಮುಖಕ್ಕೆ ಬೀಳದು ಎಂದನು. ಅಂದು ರಾತ್ರಿಯೇ, ತನ್ನ ಕೆಂಪು ಬೀಗವನ್ನು ಹಾಕಿ, ಹಾಗೆಯೇ ಮಾಡಿದನು. ದುರಸ್ತಿಯ ದಾಖಲೆಯ ಪುಸ್ತಕದಲ್ಲಿ ಬರೆಯುವಾಗ, ಕಾರಣ ಎಂಬ ಅಂಕಣದಲ್ಲಿ ಏನು ಬರೆಯಲಿ ಎಂದು ಅಣ್ಣನನ್ನು ಕೇಳಿದನು. "ಬಿಸಲು ಅಂತ ಬರಿ," ಎಂದರು.

ಹೊರಡುವ ದಿನ ಅಣ್ಣನು ಬಾಗಿಲಿನವರೆಗೂ ಬಂದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಬೇರಿಂಗನ್ನು ನನ್ನ ಕೈಯಲ್ಲಿಟ್ಟು, "ನಿಮ್ಮ ಹುಡುಗರಿಗೆ ತಿರುವಿ ಕೇಳಿಸ್ರಿ," ಎಂದರು. ಭರಣಿಯಿದ್ದ ಜಾಗದಲ್ಲಿ ಅದು ಕುಳಿತುಕೊಂಡಿತು. ತುಮರಿಯ ಆ ತಾಯಿಗೆ, ಮಗನು ಉಣ್ಣುತ್ತಿದ್ದಾನೆ, ನಿದ್ರೆ ಮಾತ್ರ ತುಸು ಕಡಿಮೆ ಎಂದು ಹೇಳಿದೆನು. ಅವಳು ನೆರಳಿಗಾಗಿ ಬಯ್ಯುತ್ತಿದ್ದುದು ಎಲ್ಲಿ ಕೆಲಸಕ್ಕೆ ಬಂದಿತೆಂಬುದನ್ನೂ ಹೇಳಿದೆನು. ಅವಳಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ, ಸೆರಗಿನಿಂದ ಬಾಯನ್ನು ಮುಚ್ಚಿಕೊಂಡು ನಕ್ಕಳು.

ಸೋಮವಾರ ಕರ್ಮಶಾಲೆಯಲ್ಲಿ ಹುಡುಗರು ಊಟಕ್ಕೆ ಹೋದಾಗ, ಪಕ್ಕದ ಫಿಟ್ಟರ್ ವಿಭಾಗದ ಕಿರಿಯ ಅಧ್ಯಾಪಕರನ್ನು ಕರೆದು, ಹಲಗೆಯಲ್ಲಿ ನಿಮಗೆ ತೋಚಿದ ಒಂದು ದೋಷವನ್ನು ಇಡಿ, ಎಲ್ಲಿ ಎಂದು ನನಗೆ ಹೇಳಬೇಡಿ ಎಂದು ಕೇಳಿಕೊಂಡು, ನಾನು ಹೊರಗೆ ಹೋಗಿ ಮಾವಿನ ಮರದ ಕೆಳಗೆ ನಿಂತೆನು. ಗಂಟೆಯಾಯಿತು. ಹುಡುಗರು ಹಲಗೆಯ ಸುತ್ತ ನೆರೆದರು. ಮುಂದಿನ ಸಾಲಿನವನು ಒಂದು ತಂತಿಯನ್ನು ಮುಟ್ಟಿ, ಎಂದಿನಂತೆ ಕತ್ತೆತ್ತಿ ನನ್ನನ್ನು ನೋಡಿದನು. ನಾನೂ ಟೆಸ್ಟರನ್ನು ಜೇಬಿನಿಂದ ತೆಗೆದು ಅವನ ಪಕ್ಕಕ್ಕೆ ಹೋಗಿ ನಿಂತು, ಫ್ಯೂಸುಗಳ ಕಡೆಯಿಂದ ಹುಡುಕತೊಡಗಿದೆನು.